ಆರು ಲಕ್ಷ ಖರೇ ಏನ್ರಿ ಅಕ್ಕಾ?

ಹೋದ ವಾರ ಸಾರಕ್ಕಿ ಮಾರ್ಕೆಟ್ಟಿನಲ್ಲಿ ಸೊಪ್ಪು ಕೊಳ್ಳುತ್ತಿದ್ದಾಗ ಮಳೆ ಬಂತು. ಸೊಪ್ಪಿನಾಕೆ ಗಾಡಿಯ ಕೆಳಗಿನಿಂದ ಹಳೆಯ ಫ್ಲೆಕ್ಸೊಂದನ್ನು ಎಳೆದು ದಂಟು, ಸಬ್ಬಸಿಗೆ, ಮೆಂತ್ಯದ ಕಟ್ಟುಗಳ ಮೇಲೆ ಹೊದಿಸಿದಳು. ಫ್ಲೆಕ್ಸಿನಲ್ಲಿ ಕರಿ ಟೋಪಿ ಹಾಕಿಕೊಂಡ ಯಾವುದೋ ಹುಡುಗನ ಅರ್ಧ ಮುಖ ನಗುತ್ತಿತ್ತು, ಇನ್ನರ್ಧ ಮಡಿಕೆಯೊಳಗೆ ಹೋಗಿತ್ತು. ಹತ್ತು ನಿಮಿಷಕ್ಕೆ ಮಳೆ ನಿಂತು ಬಿಸಿಲು ಬಿತ್ತು. ಒದ್ದೆ ಫ್ಲೆಕ್ಸಿಗೆ ಬಿಸಿಲು ತಗುಲಿದಾಗ ಹೊಸ ರೆಕ್ಸಿನ್ ಚೀಲದ್ದೂ ಅಲ್ಲದ, ಸೀಮೆಎಣ್ಣೆಯದೂ ಅಲ್ಲದ ಒಂದು ವಾಸನೆ ಬರುತ್ತದೆ. ಅದು ಮೂಗಿಗೆ ಬಂದದ್ದೇ ಕೈಯಲ್ಲಿದ್ದ ಸೊಪ್ಪನ್ನು ಹಾಗೇ ಗಾಡಿಯ ಮೇಲಿಟ್ಟೆ. "ಯಾಕಕ್ಕಾ, ಬೇಡ್ವಾ?" ಎಂದಳು. ಬೇಕು ಎಂದೆ.

ಕೆಲವು ವರ್ಷಗಳ ಹಿಂದಿನ ಒಂದು ಮಳೆಗಾಲ ಪೂರ್ತಿ ಅಂಥದ್ದೇ ಒಂದು ಫ್ಲೆಕ್ಸಿನ ಮುಂದೆ ನಾನು ದಿನಕ್ಕೆರಡು ಸಲ ಹಾದುಹೋಗುತ್ತಿದ್ದೆ. ಅದರಲ್ಲಿ ನನ್ನ ತಂಗಿಯ ಮುಖವಿತ್ತು. ಮುಖದ ಕೆಳಗೆ ನಾನು ಹೇಳಿದ ಸುಳ್ಳಿತ್ತು.

ನಾನು ಸೀರೆಗೆ ಕುಚ್ಚು ಕಟ್ಟುವವಳು. ಎಂಟನೇ ಕ್ಲಾಸಿಗೆ ಓದು ನಿಲ್ಲಿಸಿದೆ. ಅಪ್ಪ ಮೊದಲೇ ಇರಲಿಲ್ಲ. ಅಮ್ಮ ತೀರಿಕೊಂಡಾಗ ಹರ್ಷಿತಾ ಇನ್ನೂ ಹೈಸ್ಕೂಲಿನಲ್ಲಿದ್ದಳು. ಜರಗನಹಳ್ಳಿಯಲ್ಲಿ ಜಯಮ್ಮ ಆಂಟಿಯವರ ಮನೆಯ ಕೆಳಗಿನ ಎರಡು ಕೋಣೆ ಬಾಡಿಗೆಗೆ ಹಿಡಿದು, ರಸ್ತೆ ಕಡೆಯ ಕೋಣೆಯಲ್ಲಿ ಮೇಜು ಹಾಕಿಕೊಂಡು ಕೂತವಳು ಇವತ್ತಿಗೂ ಅಲ್ಲೇ ಕೂತಿದ್ದೇನೆ. ಜಯನಗರದ ಸೀರೆ ಅಂಗಡಿಗಳವರು ಕಟ್ಟು ಕಟ್ಟು ಸೀರೆ ಕಳಿಸುತ್ತಾರೆ. ಸೆರಗನ್ನು ಮೇಜಿಗೆ ಪಿನ್ ಮಾಡಿ, ಮೇಲೆ ಭಾರ ಇಟ್ಟು, ಬಣ್ಣ ಹೊಂದುವ ರೇಷ್ಮೆ ದಾರ ಪೋಣಿಸಿ, ಒಂದೊಂದು ಕುಚ್ಚಿಗೂ ಜರಿಯಿಂದ ಕತ್ತು ಬಿಗಿದು, ಕೊನೆಗೆ ಕತ್ತರಿಯಲ್ಲಿ ಸಮ ಮಾಡಬೇಕು. ಹರ್ಷಿ ಓದಿದ್ದು ಹೀಗೆ. ಬಿ.ಎ. ಆಯಿತು. ಅದಾದ ಮೇಲೆ "ಅಕ್ಕಾ, ಅಡ್ವರ್ಟೈಸಿಂಗು, ಪಿ.ಆರ್. ಎರಡೂ ಸೇರಿ ಒಂದು ಎಂ.ಎ. ಇದೆ, ಎರಡು ವರ್ಷ" ಎಂದಳು. ಪಿ.ಆರ್. ಅಂದರೆ ಏನೇ ಎಂದು ಕೇಳಿದ್ದೆ.

"ಮಾಲು ಒಳ್ಳೇದು ಅಂತ ನಾವೇ ದುಡ್ಡು ಕೊಟ್ಟು ಹೇಳಿಸಿದ್ರೆ ಅದು ಜಾಹೀರಾತು. ಜನ ನಂಬೋ ಅಂಥವರ ಬಾಯಲ್ಲಿ ಬರೋ ಹಾಗ್ ಮಾಡಿದ್ರೆ ಪಿ.ಆರ್."

"ಅದನ್ನ ಓದಕ್ಕೆ ಎರಡ್ ವರ್ಷ ಬೇಕಾ? ಜಯಮ್ಮ ಆಂಟಿ ಓದದೇನೇ ಮಾಡ್ತಾರೆ" ಎಂದು ನಾನು ನಕ್ಕಿದ್ದೆ.

ಎಂ.ಎ. ಮುಗಿಯಿತು. ಜಯನಗರದಲ್ಲೇ ಒಂದು ಸಣ್ಣ ಪಿ.ಆರ್. ಕಂಪನಿಯಲ್ಲಿ ಕೆಲಸ ಸಿಕ್ಕಿತು. ಪತ್ರಿಕೆಯವರಿಗೆ ಫೋನು ಮಾಡುವುದು, ಅಂಗಡಿ ಉದ್ಘಾಟನೆಯ ಸುದ್ದಿ ಬರೆದು ಕಳಿಸುವುದು, ಬಂದವರಿಗೆ ಕುರ್ಚಿ ಸಾಲದಿದ್ದರೆ ಕುರ್ಚಿ ತರಿಸುವುದು. ಸಂಬಳ ತಿಂಗಳಿಗೆ ಹದಿನೆಂಟು ಸಾವಿರ. ಮದುವೆ ಸೀಸನ್ನಿನಲ್ಲಿ ನನ್ನ ಕೈಗೆ ಅದಕ್ಕಿಂತ ಜಾಸ್ತಿ ಬರುತ್ತಿತ್ತು. ಇಬ್ಬರಿಗೂ ಅದು ಗೊತ್ತಿತ್ತು, ಇಬ್ಬರೂ ಆಡುತ್ತಿರಲಿಲ್ಲ. ಮೊದಲ ಸಂಬಳದ ದಿನ ಅವಳು ಅಷ್ಟನ್ನೂ ನನ್ನ ಮೇಜಿನ ಮೇಲಿಟ್ಟು "ಶುರುನಲ್ಲಿ ಎಲ್ಲರಿಗೂ ಇಷ್ಟೇ ಅಕ್ಕ" ಎಂದಳು. ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಟ್ಟ ಹಾಗಿತ್ತು ಅದು.

ಆ ವರ್ಷ ಆಷಾಢ ಬರುವುದರೊಳಗೆ ಎಲ್ಲಾದರೂ ಮಾತುಕತೆ ಆಗಲಿ ಎಂದು ಅವಳ ಜಾತಕವನ್ನು ಜಯನಗರದ ಒಂದು ವಧೂವರರ ಕೇಂದ್ರಕ್ಕೆ ಕೊಟ್ಟಿದ್ದೆ. ಅಲ್ಲಿನ ಹೆಂಗಸು ಬಲು ಚುರುಕು. "ಸಂಬಳ ಕೇಳಿದ್ರೆ ತಿಂಗಳದ್ದು ಹೇಳ್ಬೇಡಿ, ಪ್ಯಾಕೇಜ್ ಹೇಳಿ. ಪ್ಯಾಕೇಜ್ ಅಂದ್ರೆ ವರ್ಷದ್ದು. ಹೇಳೋವಾಗ ಮುಂದೆ ಬರೋದನ್ನೂ ಸೇರಿಸ್ಕೊಂಡೇ ಹೇಳಿ. ಅವ್ರೂ ಹಂಗೇ ಹೇಳ್ತಾರೆ" ಎಂದು ಪಾಠ ಮಾಡಿದ್ದಳು. ಹೆಣ್ಣಿನ ಕಡೆಯವರು ಒಂದಿಷ್ಟು ಏರಿಸುವುದು, ಗಂಡಿನ ಕಡೆಯವರು ಒಂದಿಷ್ಟು ಇಳಿಸಿಕೊಂಡು ಕೇಳುವುದು ನಮ್ಮಲ್ಲಿ ನಡೆದುಬಂದದ್ದೇ. ಅದನ್ನು ಯಾರೂ ಸುಳ್ಳು ಎನ್ನುವುದಿಲ್ಲ.

ಹಾಗೆ ಕಾಯುತ್ತಿದ್ದಾಗ ಒಂದು ಬೆಳಿಗ್ಗೆ ಫೋನು ಬಂತು. ಹರ್ಷಿ ಆ ವಾರವೇ ಮೈಸೂರಿಗೆ ಹೋಗಿದ್ದಳು. ಅಲ್ಲಿ ಅವರ ಕಂಪನಿಗೆ ಒಂದು ಆಭರಣದಂಗಡಿಯ ಪ್ರಚಾರದ ಕೆಲಸ ಸಿಕ್ಕಿತ್ತು, ಎರಡು ತಿಂಗಳು ಅಲ್ಲೇ ಇರಬೇಕಿತ್ತು.

"ಹಲೋ, ಹರ್ಷಿತಾ ಅವ್ರ ಮನೆಯೋರಾ?"

"ಹೌದು ಸಾರ್, ಅವಳ ಅಕ್ಕ."

"ಮೇಡಂ, ಅವ್ರು ಫೋನ್ ಎತ್ತುತ್ತಿಲ್ಲ. ಸ್ವಲ್ಪ ಡೀಟೇಲ್ಸ್ ಬೇಕಿತ್ತು. ಎಂ.ಎ. ಆಗಿದ್ಯಲ್ವಾ? ಈಗ ಕೆಲಸ ಮಾಡ್ತಿದಾರಾ?"

"ಮಾಡ್ತಾಳೆ ಸಾರ್. ಜಯನಗರದಲ್ಲಿ, ದೊಡ್ಡ ಕಂಪನಿ."

"ಪ್ಯಾಕೇಜ್ ಎಷ್ಟು?"

"ಆರು ಲಕ್ಷ."

ಆರು ಎಂಬುದು ಎಲ್ಲಿಂದ ಬಾಯಿಗೆ ಬಂತೋ. ಅವತ್ತು ಮೇಜಿನ ಮೇಲಿದ್ದ ಸೀರೆಯ ಯಜಮಾನಿಯ ಮಗನದು ಅಷ್ಟು ಎಂದು ಆಕೆ ಹೇಳಿಹೋಗಿದ್ದಳು, ಅದಿರಬೇಕು.

"ಸೂಪರ್ ಮೇಡಂ! ಒಂದ್ ಒಳ್ಳೇ ಫೋಟೋ ಇದ್ರೆ ಇದೇ ನಂಬರಿಗೆ ವಾಟ್ಸಾಪ್ ಮಾಡಿ."

"ಮಾಡ್ತೀನಿ ಸಾರ್. ಹುಡುಗನ ಕಡೆಯೋರು ಯಾವೂರು?"

ಆ ಕಡೆಯಿಂದ ನಗು. "ಯಾವ ಹುಡುಗ ಮೇಡಂ? ನಾನ್ ಕಾಲೇಜಿಂದ ಮಾತಾಡ್ತಿರೋದು, ಪ್ಲೇಸ್‌ಮೆಂಟ್ ಸೆಲ್. ನಮ್ಮಲ್ಲಿ ಓದಿದೋರು ಎಷ್ಟು ದುಡೀತಿದಾರೆ ಅಂತ ಲಿಸ್ಟ್ ಮಾಡ್ತಿದೀವಿ."

ಆಗಲೇ ಹೇಳಬಹುದಿತ್ತು. ತಪ್ಪಾಯ್ತು ಸಾರ್, ಗಂಡಿನ ಕಡೆಯವರು ಅಂದುಕೊಂಡು ಏರಿಸಿ ಹೇಳಿದೆ, ಬರಕೋಬೇಡಿ ಎಂದಿದ್ದರೆ ಅವನೂ ನಗುತ್ತಿದ್ದ, ನಾನೂ ನಗುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಹುಡುಗ ಇಂಗ್ಲಿಷ್ ಬೆರೆಸಿ ಚೆನ್ನಾಗಿ ಮಾತಾಡುತ್ತಿದ್ದ. ಓದಿದವನ ಎದುರು ಓದದವಳು ತಾನಾಗಿ ಸಣ್ಣವಳಾಗುವುದು ನನಗೆ ಬೇಕಿರಲಿಲ್ಲ. "ಓಹೋ, ಸರಿ ಸರಿ" ಎಂದು ಫೋನಿಟ್ಟೆ. ಫೋಟೋವನ್ನೂ ಕಳಿಸಿದೆ. ವಧೂವರರ ಕೇಂದ್ರಕ್ಕೆಂದು ತೆಗೆಸಿದ್ದ ಫೋಟೋ ಅದು. ಹಸಿರು ರೇಷ್ಮೆ ಸೀರೆ, ಮಲ್ಲಿಗೆ ದಂಡೆ, ಸೆರಗಿನಲ್ಲಿ ನಾನೇ ಕಟ್ಟಿದ ಮಣಿ ಕುಚ್ಚು.

ಜೂನ್ ಮಳೆ ಶುರುವಾದ ವಾರ ಸಾರಕ್ಕಿ ಸಿಗ್ನಲ್ಲಿನ ಹತ್ತಿರ, ಬಸ್ ಸ್ಟಾಪಿನ ಪಕ್ಕದ ಖಾಲಿ ಸೈಟಿನ ಬೇಲಿಗೆ ಆ ಫ್ಲೆಕ್ಸು ಬಂತು. ಕಾಲೇಜಿನ ಹೆಸರು, ಕೋರ್ಸಿನ ಹೆಸರು, ಕೆಳಗೆ ಆರು ಮುಖ. ಐವರು ಕೋಟು ಹಾಕಿಕೊಂಡಿದ್ದರು. ಒಬ್ಬಳು ಮಾತ್ರ ಹಸಿರು ರೇಷ್ಮೆಯಲ್ಲಿ ಮದುವಣಗಿತ್ತಿಯ ಹಾಗಿದ್ದಳು. ಹೆಸರಿನ ಕೆಳಗೆ ಆರು, ಅದರ ಪಕ್ಕದಲ್ಲಿ ಇಂಗ್ಲಿಷಿನಲ್ಲಿ ಎಲ್, ಪಿ, ಎ. ಅದು ಹರ್ಷಿ ಮಾಡಿದ ಇನ್ನೊಂದು ಡಿಗ್ರಿಯೇನೋ ಎಂದುಕೊಂಡೆ. ವರ್ಷಕ್ಕೆ ಇಷ್ಟು ಲಕ್ಷ ಎಂದು ಅದರ ಅರ್ಥವಂತೆ. ಹಾಗೆಂದು ತಿಳಿಸಿದ್ದು ಶಿವಲೀಲಾ.

ಶಿವಲೀಲಾ ನಮ್ಮ ಮನೆಯ ತಾರಸಿಯ ಮೇಲಿನ ಒಂಟಿ ಕೋಣೆಯಲ್ಲಿದ್ದ ಹುಡುಗಿ. ಗದಗದ ಕಡೆಯವಳು. ಬಿ.ಎ. ಮುಗಿಸಿ ಬಂದು ಜೆ.ಪಿ. ನಗರದ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಚೀಟಿ ಬರೆಯುವ ಕೌಂಟರಿನಲ್ಲಿ ಕೆಲಸಕ್ಕಿದ್ದಳು. ಮೂರು ವರ್ಷದಲ್ಲಿ ಸಂಬಳ ಇಪ್ಪತ್ತೆರಡು ಸಾವಿರವಾಗಿತ್ತು. ಅವಳು ಅದನ್ನು ಪಗಾರ ಎನ್ನುತ್ತಿದ್ದಳು. ಸಂಜೆ ಕೆಲಸದಿಂದ ಬಂದವಳು ಮೆಟ್ಟಿಲು ಹತ್ತುವ ಮೊದಲು ನನ್ನ ಕೋಣೆಯಲ್ಲಿ ಅರ್ಧ ಗಂಟೆ ಕೂತು ದಾರದ ಸಿಕ್ಕು ಬಿಡಿಸಿಕೊಡುತ್ತಿದ್ದಳು. ಅವಳ ಸೀರೆಗಳಿಗೆ ನಾನು ಸುಮ್ಮನೆ ಕುಚ್ಚು ಕಟ್ಟಿಕೊಡುತ್ತಿದ್ದೆ.

ನನ್ನ ಬಾಗಿಲಿನ ಬೋರ್ಡಿನಲ್ಲಿ ಮೊದಲು "ಇಲ್ಲಿ ಕುಚ್ಚು ಕಟ್ಟಲಾಗುವುದು" ಎಂದಿತ್ತು. ಶಿವಲೀಲಾ ಅದನ್ನು ನೋಡಿ "ಇದೇನ್ರಿ ಅಕ್ಕಾ, ಪಂಚಾಯ್ತಿ ನೋಟೀಸ್ ಇದ್ದಂಗ ಐತಿ" ಎಂದು, ಒಂದು ಹಾಳೆಯ ಮೇಲೆ ಬರೆದುಕೊಟ್ಟಳು: ಸೀರೆ ಮುಗಿಯುವಲ್ಲಿ ನಮ್ಮ ಕೆಲಸ ಶುರು. ಹರ್ಷಿ ಅದನ್ನು ಎರಡು ಸಲ ಓದಿ "ಎರಡ್ ವರ್ಷ ಓದಿದೋಳು ನಾನು, ನಂಗಿದು ಹೊಳೀಲೇ ಇಲ್ವಲ್ಲೇ" ಎಂದಳು. ಅವತ್ತಿನಿಂದ ಶಿವಲೀಲಾಳಿಗೆ ಹರ್ಷಿಯ ಕಾಲೇಜಿನಲ್ಲೇ ಅದೇ ಎಂ.ಎ. ಓದುವ ಆಸೆ ಹುಟ್ಟಿತು. ರಸ್ತೆಯಲ್ಲಿ ಕಂಡ ಬೋರ್ಡುಗಳನ್ನೆಲ್ಲ ತಿದ್ದಿ ಬರೆದ ಒಂದು ನೋಟ್ ಬುಕ್ಕು ಅವಳ ಚೀಲದಲ್ಲಿರುತ್ತಿತ್ತು.

ಆ ಜೂನಿನಲ್ಲೇ ಅವಳ ಡಾಕ್ಟರು ಪದ್ಮನಾಭನಗರದಲ್ಲಿ ಇನ್ನೊಂದು ಆಸ್ಪತ್ರೆ ತೆರೆಯುವವರಿದ್ದರು. ಅಲ್ಲಿನ ಕೌಂಟರ್ ಪೂರ್ತಿ ನೀನೇ ನೋಡಿಕೋ, ಕೈಕೆಳಗೆ ಇಬ್ಬರನ್ನು ಕೊಡುತ್ತೇನೆ, ತಿಂಗಳ ಕೊನೆಯೊಳಗೆ ಹೇಳು ಎಂದಿದ್ದರು. ಕಾಲೇಜಿನ ಫೀಜು ಕಟ್ಟುವ ಕೊನೆಯ ದಿನವೂ ಅದೇ ವಾರ. ಮೂರು ವರ್ಷ ಕೂಡಿಟ್ಟದ್ದು ಎರಡು ವರ್ಷದ ಓದಿಗೆ ಸರಿಹೋಗುತ್ತಿತ್ತು. ಎರಡರಲ್ಲಿ ಒಂದು. ಅವಳು ಸಾರಕ್ಕಿ ಸಿಗ್ನಲ್ಲಿನಲ್ಲಿ ಬಸ್ಸಿಗೆ ನಿಂತಾಗಲೆಲ್ಲ ಎದುರಿಗೆ ಹರ್ಷಿ ಹಸಿರು ಸೀರೆಯಲ್ಲಿ ನಗುತ್ತಿದ್ದಳು.

ನನಗೆ ಆ ಫ್ಲೆಕ್ಸು ಮೊದಲ ದಿನ ಹೆದರಿಕೆ ತಂದಿತ್ತು. ಮೂರನೇ ದಿನಕ್ಕೆ ಸುಖ ಕೊಡತೊಡಗಿತು. ಇದನ್ನು ಬರೆಯುವುದು ಕಷ್ಟ, ಆದರೆ ಇದು ಇರುವುದೇ ಹೀಗೆ. ಹತ್ತು ವರ್ಷ ನನ್ನನ್ನು "ಕುಚ್ಚು ಗಿರಿಜ" ಎಂದು ಕರೆದ ಜಯಮ್ಮ ಆಂಟಿ ಒಂದು ಬೆಳಿಗ್ಗೆ ತಾವಾಗಿ ಕೆಳಗಿಳಿದು ಬಂದು ಕುರ್ಚಿಯಲ್ಲಿ ಕೂತರು. ಅವರು ಈ ಊರಿನ ಹಳೆಯ ಮನೆತನದವರು. ಈಗ ಅಪಾರ್ಟ್‌ಮೆಂಟ್ ಎದ್ದು ನಿಂತ ಜಾಗದಲ್ಲಿ ಅವರ ಮಾವ ರಾಗಿ ಬೆಳೆಯುತ್ತಿದ್ದರಂತೆ.

"ಏನ್ ಗಿರಿಜ, ಬಾಯೇ ಬಿಡ್ಲಿಲ್ಲ ನೀನು! ಆರು ಲಕ್ಷದ ಹುಡುಗೀನ ಮನೇಲಿಟ್ಕೊಂಡು ಕುಚ್ಚು ಕಟ್ತಾ ಕೂತಿದ್ದೀಯಲ್ಲೇ."

"ಅಯ್ಯೋ ಬಿಡಿ ಆಂಟಿ, ಏನೋ ದೇವರು ಕಣ್ ಬಿಟ್ಟ."

"ನಮ್ಮ ತಮ್ಮನ ಮಗ ಇದ್ದಾನೆ, ಆಷಾಢ ಕಳೀಲಿ, ಮಾತಾಡೋಣ."

ಒಂದು ಮಾತು ಸಾಕಿತ್ತು ಅವರನ್ನು ಆ ಕುರ್ಚಿಯಿಂದ ಎಬ್ಬಿಸಲು. ನಾನು ಕಾಫಿ ಬೆರೆಸಿಕೊಟ್ಟೆ.

ಹರ್ಷಿ ಮೈಸೂರಿನಿಂದ ಫೋನು ಮಾಡಿದ್ದು ಅದರ ಮಾರನೇ ದಿನ. ಯಾರೋ ಗೆಳತಿ ಫ್ಲೆಕ್ಸಿನ ಫೋಟೋ ಕಳಿಸಿದ್ದಳು. "ಅಕ್ಕಾ, ಇವ್ರಿಗೆ ಆರು ಲಕ್ಷ ಅಂತ ಯಾರ್ ಹೇಳಿದ್ದು? ಆಫೀಸಲ್ಲಿ ಎಲ್ಲರೂ ಆಡ್ಕೋತಿದಾರೆ. ನಮ್ ಬಾಸು, ಹರ್ಷಿತಾ ನಂಗೂ ಅಲ್ಲೇ ಒಂದ್ ಕೆಲಸ ಕೊಡ್ಸು ಅಂತಾರೆ. ಕಾಲೇಜಿನೋರು ಅವ್ರೇ ಬರ್ಕೊಂಡ್ಬಿಟ್ರಾ?"

"ಗೊತ್ತಿಲ್ಲ ಕಣೇ" ಎಂದೆ.

"ಫೋನ್ ಮಾಡಿ ತೆಗೆಸ್ಲಾ ಅಂದ್ಕೊಂಡೆ. ತೆಗೆಸಿದ್ರೆ ನನ್ನ ಹದಿನೆಂಟು ಸಾವಿರ ಎಲ್ಲರಿಗೂ ಗೊತ್ತಾಗುತ್ತೆ. ಹೋಗ್ಲಿ, ಮಳೆಗೆ ಅದೇ ಹರಿದು ಹೋಗುತ್ತೆ." ಆಮೇಲೆ ಹೇಳಿದಳು: "ಆದ್ರೆ ಅಕ್ಕ, ಶಿವಲೀಲಾ ನಂಗೆ ಮೆಸೇಜ್ ಮಾಡಿದಾಳೆ, ಸೇರ್ಲಾ ಬೇಡ್ವಾ ಅಂತ. ಇದನ್ನ ಹೆಂಗ್ ಬರೀಲಿ ನಾನು? ನಂಗೆ ಬರಿಯಕ್ಕೆ ಕೈ ಬರ್ತಿಲ್ಲ. ಅಕ್ಕನ್ನ ಕೇಳು ಅಂದಿದೀನಿ. ನೀನು ಅವಳಿಗೆ ಮಾತ್ರ ನಿಜ ಹೇಳ್ಬಿಡು. ಅವಳಿಗೆ ಆಸ್ಪತ್ರೇಲಿ ಒಳ್ಳೇ ಕೆಲಸ ಇದೆ. ಹೇಳ್ತೀಯಲ್ವಾ?"

"ಹೇಳ್ತೀನಿ."

ಶಿವಲೀಲಾ ಕೇಳಲು ಬಂದದ್ದು ಭಾನುವಾರ ಬೆಳಿಗ್ಗೆ. ಆಷಾಢ ಹತ್ತಿರವಾಗಿತ್ತು, ಕೆಲಸ ಕಡಿಮೆಯಿತ್ತು, ಮೇಜಿನ ಮೇಲೆ ಒಂದೇ ಸೀರೆ. ಹೊರಗೆ ಜಿಟಿಜಿಟಿ. ಜಯಮ್ಮ ಆಂಟಿ ಅದೇ ಕುರ್ಚಿಯಲ್ಲಿ ಕೂತು, ತಮ್ಮನ ಮಗನ ಫೋಟೋವನ್ನು ಮೊಬೈಲಿನಲ್ಲಿ ಹುಡುಕುತ್ತಿದ್ದರು. ಶಿವಲೀಲಾ ಕೊಡೆ ಮಡಚಿ ಬಾಗಿಲಲ್ಲೇ ನಿಂತಳು. ಅಪ್ಲಿಕೇಶನ್ ಕೈಯಲ್ಲಿತ್ತು, ನೆನೆಯದಂತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿದ್ದಳು.

"ಅಕ್ಕಾ, ಹರ್ಷಿ ನಿಮ್ಮನ್ನ ಕೇಳು ಅಂದಳ್ರಿ. ನಾಳಿ ನಮ್ ಡಾಕ್ಟರಿಗೆ ಹೂಂ ಇಲ್ಲಾ ಊಹೂಂ ಅನ್ನಬೇಕು. ಬೋರ್ಡಿನ್ಯಾಗ ಬರದಾರಲ್ಲ, ಆರು ಲಕ್ಷ, ಅದು ಖರೇ ಏನ್ರಿ ಅಕ್ಕಾ?"

ನಾನು ಸೂಜಿಗೆ ದಾರ ಪೋಣಿಸುತ್ತಿದ್ದೆ. ಜಯಮ್ಮ ಆಂಟಿ ಮೊಬೈಲಿನಿಂದ ತಲೆಯೆತ್ತಿ, ಮೊದಲು ಅವಳನ್ನು, ಆಮೇಲೆ ನನ್ನನ್ನು ನೋಡಿದರು. ಹೊರಗೆ ಕರೆದುಕೊಂಡು ಹೋಗಿ ಹೇಳಬಹುದಿತ್ತು. ಸಂಜೆ ಬಾರೇ, ಮಾತಾಡೋಣ ಎನ್ನಬಹುದಿತ್ತು. ಆದರೆ ನಾನು ನಕ್ಕು, ಅವಳ ಊರಿನ ರಾಗವನ್ನೇ ಎಳೆದು, "ಖರೇ ಐತ್ರೀ ಯಪ್ಪಾ, ಖರೇ!" ಎಂದೆ.

ಆಂಟಿ ಗೊಳ್ಳೆಂದು ನಕ್ಕರು. "ಗಿರಿಜಂಗೆ ಇವ್ರ ಭಾಷೆ ಏನ್ ಚೆನ್ನಾಗಿ ಬರುತ್ತೆ ನೋಡು!" ಶಿವಲೀಲಾಳೂ ನಕ್ಕಳು. ಅವಳ ಮುಖ ಅರಳಿದ್ದನ್ನು ನಾನು ನೋಡಿದೆ. ಅಪ್ಲಿಕೇಶನ್ನನ್ನು ಎದೆಗೆ ಒತ್ತಿಕೊಂಡು ಎರಡೆರಡು ಮೆಟ್ಟಿಲು ಹಾರುತ್ತ ಮೇಲೆ ಹೋದಳು.

ತಮಾಷೆಗೆ ಅಂದೆ ಎಂದು ಆ ಕ್ಷಣ ನನಗೆ ನಾನೇ ಹೇಳಿಕೊಂಡೆ. ಅವಳ ಮಾತಿನಲ್ಲಿ ಅಂದದ್ದು, ನನ್ನ ಮಾತಲ್ಲ, ಅಣಕ. ನಿಜ ಎಂದು ನಾನು ಹೇಳಲೇ ಇಲ್ಲವಲ್ಲ. ಮನುಷ್ಯ ತಪ್ಪಿಸಿಕೊಳ್ಳಲು ಎಂಥ ಸಣ್ಣ ಸಂದಿಯಲ್ಲೂ ತೂರುತ್ತಾನೆ.

ಫೀಜು ಕಟ್ಟಲು ಇನ್ನೂ ನಾಲ್ಕು ದಿನವಿತ್ತು. ಸೋಮವಾರ ಬೆಳಿಗ್ಗೆ ಅವಳು ಡಾಕ್ಟರಿಗೆ ಹೇಳುವ ಮುನ್ನವೇ ಹಿಡಿಯಬೇಕೆಂದು ಉಪ್ಪಿಟ್ಟು ಮಾಡಿ ತಟ್ಟೆ ಮುಚ್ಚಿಕೊಂಡು ತಾರಸಿಗೆ ಹೋದೆ. ಕೋಣೆಗೆ ಬೀಗ. ಬೇಗ ಹೋಗಿದ್ದಳು. ಸಂಜೆ ಅವಳೇ ಬಂದಳು. "ಹೇಳಿಬಿಟ್ಟೆ ಅಕ್ಕಾ. ಡಾಕ್ಟರ್ ಬ್ಯಾಸರ ಮಾಡ್ಕೊಂಡ್ರು. ಆದರ ಓದ್ತೀನಿ ಅಂದದ್ದಕ್ಕ ಛಲೋ ಆಗಲಿ ಅಂದ್ರು." ಆಗಲೂ ಹೇಳಬಹುದಿತ್ತು. ಮರುದಿನ ಹೋಗಿ ಡಾಕ್ಟರ ಕಾಲು ಹಿಡಿದರೂ ಕೆಲಸ ಉಳಿಯುತ್ತಿತ್ತು. ಈಗ ಹೇಳಿದರೆ ನಿನ್ನೆ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾಳೆ ಎಂದು ಅವತ್ತು ಸುಮ್ಮನಾದೆ. ಮಂಗಳವಾರ ಹೇಳಿದರೆ ಸೋಮವಾರದ್ದನ್ನು ಕೇಳುತ್ತಾಳೆ. ದಿನ ಕಳೆದಂತೆ ಒಪ್ಪಿಕೊಳ್ಳಬೇಕಾದದ್ದು ಒಂದೊಂದು ದಿನದಷ್ಟು ಬೆಳೆಯುತ್ತಿತ್ತು. ಗುರುವಾರ ಅವಳು ಫೀಜು ಕಟ್ಟಿ ಬಂದು ನನಗೆ ಮೈಸೂರುಪಾಕು ಕೊಟ್ಟಳು. ನಾನು ತಿಂದೆ.

ಆಷಾಢದ ಗಾಳಿಗೆ ಫ್ಲೆಕ್ಸಿನ ಒಂದು ಮೂಲೆ ಕಿತ್ತು ಪಟಪಟ ಹೊಡೆದುಕೊಳ್ಳತೊಡಗಿತು. ಶ್ರಾವಣ ಬಂದಾಗ ವರಮಹಾಲಕ್ಷ್ಮಿ ಹಬ್ಬದ ಸೀರೆಗಳು ರಾಶಿ ಬಿದ್ದವು, ನನಗೆ ತಲೆಯೆತ್ತಲು ಪುರುಸೊತ್ತಿಲ್ಲ. ಜಯಮ್ಮ ಆಂಟಿಯ ತಮ್ಮನ ಮನೆಯವರು ಪೇಸ್ಲಿಪ್ ಕೇಳಿದರು. ಹರ್ಷಿಗೆ ಈಗಲೇ ಮದುವೆ ಬೇಡವಂತೆ ಎಂದು ನಾನು ಜಾರಿಕೊಂಡೆ. ಆಂಟಿ ಕುರ್ಚಿಗೆ ಬರುವುದು ನಿಂತಿತು. ಹರ್ಷಿ ಮೈಸೂರಿನಿಂದ ವಾಪಸು ಬಂದವಳು ಚೀಲ ಇಳಿಸುವ ಮುಂಚೆಯೇ ಕೇಳಿದಳು, "ಶಿವಲೀಲಾಗೆ ಹೇಳಿದ್ಯಾ?"

"ಹೇಳ್ದೆ. ಆದ್ರೂ ಸೇರ್ಕೊಂಡ್ಲು."

"ಗಟ್ಟಿ ಹುಡುಗಿ ಅಕ್ಕ ಅವಳು. ಗೊತ್ತಿದ್ದೂ ಸೇರಿದಾಳೆ ಅಂದ್ರೆ" ಎಂದು ಹರ್ಷಿ ಮೆಚ್ಚಿಕೊಂಡಳು. ಸಂಬಳದ ಮಾತನ್ನು ಅವರಿಬ್ಬರೂ ತಮ್ಮತಮ್ಮಲ್ಲಿ ಎತ್ತಲೇ ಇಲ್ಲ. ಆ ಮಳೆಗಾಲದ ಕೊನೆಗೆ ಕಾರ್ಪೊರೇಷನ್ನಿನವರು ಬಂದು ಫ್ಲೆಕ್ಸು ಕಿತ್ತುಹಾಕಿದರು. ಹೊರಗೆ ಅದು ಅಲ್ಲಿಗೆ ಮುಗಿಯಿತು.

ಎರಡು ವರ್ಷ ಶಿವಲೀಲಾ ಓದಿದಳು. ಸಂಜೆ ಬಿಟಿಎಂನಲ್ಲಿ ಒಂದು ಟ್ಯೂಷನ್ ಸೆಂಟರಿನಲ್ಲಿ ಮಕ್ಕಳಿಗೆ ಪಾಠ ಹೇಳಿ ಊಟದ ಖರ್ಚು ತೂಗಿಸಿದಳು. ದಾರದ ಸಿಕ್ಕು ಬಿಡಿಸಲು ಬರುವುದನ್ನು ಮಾತ್ರ ಬಿಡಲಿಲ್ಲ. ಕ್ಲಾಸಿನಲ್ಲಿ ಹೊಸದಾಗಿ ಕಲಿತದ್ದನ್ನೆಲ್ಲ ನನ್ನ ಕುಚ್ಚಿಗೆ ಅನ್ವಯಿಸಿ ಹೇಳಿ ನಗಿಸುತ್ತಿದ್ದಳು. ಅವಳು ನಕ್ಕಷ್ಟೂ ನಾನು ಸೂಜಿಯ ಮೇಲೆ ಬಗ್ಗುತ್ತಿದ್ದೆ. ಓದು ಮುಗಿದ ಮೇಲೆ ಬಿಟಿಎಂನದೇ ಒಂದು ಸಣ್ಣ ಜಾಹೀರಾತು ಕಂಪನಿಯಲ್ಲಿ ಬರೆಯುವ ಕೆಲಸ ಸಿಕ್ಕಿತು. ತಿಂಗಳಿಗೆ ಹದಿನೈದು ಸಾವಿರ. ಆಸ್ಪತ್ರೆಯಲ್ಲಿ ಬಿಟ್ಟದ್ದಕ್ಕಿಂತ ಏಳು ಸಾವಿರ ಕಡಿಮೆ. ಪದ್ಮನಾಭನಗರದ ಆಸ್ಪತ್ರೆಯ ಕೌಂಟರಿನಲ್ಲಿ ಅವಳ ನಂತರ ಬಂದ ಹುಡುಗಿ ಕೂತಿದ್ದಳು.

"ಕೆಲಸ ಭಾಳ ಛಲೋ ಐತ್ರಿ ಅಕ್ಕಾ. ಪಗಾರ ಅಷ್ಟ..." ಎಂದು ನಿಲ್ಲಿಸಿ, "ಹರ್ಷಿಯಂಗ ಹುಷಾರ್ ಇಲ್ಲ ನಾನು, ಅದಕ್ಕ" ಎಂದಳು.

ಆ ಮಾತು ನನ್ನನ್ನು ಕೊರೆಯಿತು. ಕಡಿಮೆ ಸಂಬಳ ಒಂದು ತೂಕವಾದರೆ, ಅದನ್ನು ಅವಳು ತನ್ನ ದಡ್ಡತನ ಎಂದುಕೊಂಡದ್ದು ಹತ್ತು ತೂಕ.

ಹೋದ ವರ್ಷದ ಮಳೆಗಾಲದ ಮೊದಲಲ್ಲಿ ಮತ್ತೆ ಫೋನು ಬಂತು. ಬೇರೆ ದನಿ, ಅದೇ ಪ್ರಶ್ನೆ. "ಶಿವಲೀಲಾ ಅವ್ರ ಮನೆಯೋರಾ ಮೇಡಂ?" ಊರಿನಲ್ಲಿ ಅವಳ ಅವ್ವನಿಗೆ ಫೋನಿನಲ್ಲಿ ಮಾತು ಸರಿಯಾಗಿ ಕೇಳಿಸುವುದಿಲ್ಲ ಎಂದು ಕಾಲೇಜಿನ ಫಾರಮ್ಮಿನಲ್ಲಿ ಮನೆಯವರ ನಂಬರಿನ ಜಾಗದಲ್ಲಿ ಅವಳು ನನ್ನದನ್ನು ಬರೆದಿದ್ದಳು.

"ಅವ್ರ ಪ್ಯಾಕೇಜ್ ಎಷ್ಟು ಮೇಡಂ?"

"ತಿಂಗಳಿಗೆ ಹದಿನೈದು ಸಾವಿರ. ಬರ್ಕೊಳ್ಳಿ."

"ಅಲ್ಲ, ಇನ್ಸೆಂಟಿವ್ ಎಲ್ಲ ಸೇರಿ..."

"ಎಲ್ಲ ಸೇರಿ ಹದಿನೈದೇ. ಹಳೇ ಕೆಲಸದಲ್ಲಿ ಇದಕ್ಕಿಂತ ಜಾಸ್ತಿ ಬರ್ತಿತ್ತು, ಅದನ್ನೂ ಬರ್ಕೊಳ್ಳಿ. ಮುಂಚೆ ನಮ್ಮ ಹರ್ಷಿತಾದು ಆರು ಲಕ್ಷ ಅಂತ ಹಾಕಿದ್ರಲ್ಲ, ಅದು ಸುಳ್ಳು. ನಾನೇ ಹೇಳಿದ್ದು."

ಆ ಕಡೆಯವನು ಗೊಂದಲಕ್ಕೆ ಬಿದ್ದ. "ಅದು ನಂಗೊತ್ತಿಲ್ಲ ಮೇಡಂ, ನಾನು ಹೊಸಬ. ಶಿವಲೀಲಾ ಅವ್ರದು ನೋಡೋಣ, ಲಿಸ್ಟ್ ಈಗಾಗ್ಲೇ ತುಂಬಿದೆ." ಫೋಟೋ ಕೇಳಲಿಲ್ಲ.

ಮರುದಿನ ಬೆಳಿಗ್ಗೆ ಹರ್ಷಿ ಆಫೀಸಿಗೆ ಹೊರಡುವ ಮುಂಚೆ ಅವಳನ್ನು ಕೂರಿಸಿ ಎಲ್ಲ ಹೇಳಿದೆ. ಹುಡುಗನ ಕಡೆಯವರೆಂದು ತಿಳಿದದ್ದು, ಖರೇ ಎಂದದ್ದು, ಹೇಳಿದೆ ಎಂದು ಅವಳಿಗೂ ಸುಳ್ಳು ಹೇಳಿದ್ದು. ಅವಳು ಚಪ್ಪಲಿಯ ಬಕಲ್ ಹಾಕಿಕೊಳ್ಳುತ್ತಿದ್ದವಳು ಹಾಗೇ ಬಗ್ಗಿಕೊಂಡೇ ಇದ್ದಳು. "ನಂಗೂ ಅವತ್ತು ಬರಿಯಕ್ಕೆ ಕೈ ಬರ್ಲಿಲ್ಲ ಅಂದೆನಲ್ಲ, ಕೈ ಅಲ್ಲ ಅಕ್ಕ, ಮರ್ಯಾದೆ. ಹದಿನೆಂಟು ಅಂತ ಅವಳಿಗೆ ಹೇಳಕ್ಕೆ ನಾಚಿಕೆ. ಅವಳದೇ ಇಪ್ಪತ್ತೆರಡಿತ್ತು. ಅದಕ್ಕೇ ನಿನ್ನ ಮೇಲೆ ಹಾಕಿದೆ." ಆಮೇಲೆ ಎದ್ದು ನಿಂತು, "ಈ ಸಲ ನೀನು ಯಾರ ಮೇಲೂ ಹಾಕ್ಬೇಡ. ನೀನೇ ಹೇಳು" ಎಂದಳು.

ಶಿವಲೀಲಾ ಮುಂದಿನ ಭಾನುವಾರ ಬಂದಳು. ಅವಳ ಪದವಿ ಪ್ರದಾನ ಹತ್ತಿರವಿತ್ತು. ಅವ್ವ ಊರಿನಿಂದ ಕಳಿಸಿದ ಕೆಂಪು ರೇಷ್ಮೆ ಸೀರೆಯನ್ನು ಅದಕ್ಕೆ ಉಡುವುದೆಂದು ನನಗೆ ಕೊಟ್ಟಿದ್ದಳು. ಆ ಬೆಳಿಗ್ಗೆ ನಾನು ಅದಕ್ಕೇ ಕುಚ್ಚು ಕಟ್ಟುತ್ತಿದ್ದೆ. ಅರ್ಧ ಸೆರಗು ಮುಗಿದಿತ್ತು. ಅವಳು ಎದುರು ಕೂತು ಮಿಕ್ಕರ್ಧಕ್ಕೆ ದಾರ ಬಿಡಿಸಿಕೊಡುತ್ತಿದ್ದಳು. ನಾನು ಸೂಜಿ ಕೆಳಗಿಟ್ಟು ಹೇಳಿದೆ. ಏನೂ ಬಿಡದೆ, ಮೊದಲಿನಿಂದ ಹೇಳಿದೆ. ಕೊನೆಗೆ, "ನೀನು ದಡ್ಡಿ ಅಲ್ಲ ಕಣೇ. ಹರ್ಷಿದೂ ಹದಿನೆಂಟೇ ಇದ್ದಿದ್ದು" ಎಂದೆ.

ಅವಳು ಅಳಲಿಲ್ಲ, ಬೈಯಲಿಲ್ಲ. ಕೈಯಲ್ಲಿದ್ದ ದಾರವನ್ನು ಬೆರಳಿಗೆ ಸುತ್ತಿದಳು, ಬಿಡಿಸಿದಳು.

"ಒಂದ ಮಾತ ಕೇಳ್ತೇನ್ರಿ. ಅವತ್ತ ಯಾಕ ಖರೇ ಅಂದ್ರಿ?"

"ಆಂಟಿ ಕೂತಿದ್ರು. ಮರ್ಯಾದೆ..."

"ಅದಲ್ರಿ. ಖರೇ ಅಂತ ಯಾಕ ಅಂದ್ರಿ? ನೀವು ನಿಜ ಅಂತೀರಿ ಯಾವಾ‌ಗ್ಲೂ. ಅವತ್ತ ನಿಜ ಅಂದಿದ್ರ ನಾ ಮತ್ತೊಮ್ಮಿ ಕೇಳತಿದ್ದೆ. ಈ ಊರಾಗ ಎಲ್ಲಾರೂ ನಿಜ ನಿಜ ಅಂತಾರ, ನಾ ಎರಡ ಸಲ ಕೇಳೇ ನಂಬೋದು. ನೀವು ಖರೇ ಅಂದ್ರಿ. ನಮ್ಮವ್ವ ಅಂದಂಗ ಆತು ನಂಗ."

ಅಣಕ ಎಂದು ನಾನು ತೂರಿಕೊಂಡಿದ್ದ ಸಂದಿಯೇ ಅವಳು ಒಳಗೆ ಬಂದ ಬಾಗಿಲಾಗಿತ್ತು.

ಅವಳು ಎದ್ದು ಸೆರಗಿನ ಪಿನ್ನುಗಳನ್ನು ಒಂದೊಂದಾಗಿ ಕಿತ್ತಳು. "ಇನ್ನರ್ಧ ಕಟ್ಟಿಬಿಡ್ತೀನಿ ಕಣೇ, ಸಂಜೆ ಒಳಗೆ ಆಗುತ್ತೆ" ಎಂದೆ. "ಇಷ್ಟ ಸಾಕ್ರಿ" ಎಂದು ಸೀರೆ ಮಡಚಿದಳು. ಒಂದು ಕಡೆ ಕುಚ್ಚು ಸಾಲಾಗಿ ಇಳಿಬಿದ್ದಿತ್ತು, ಇನ್ನೊಂದು ಕಡೆ ಎಳೆಗಳು ಬಿಡಿಬಿಡಿಯಾಗಿದ್ದವು. ಆಮೇಲೆ, ಇಷ್ಟು ವರ್ಷದಲ್ಲಿ ಒಮ್ಮೆಯೂ ಕೇಳದ್ದನ್ನು ಕೇಳಿದಳು.

"ಎಷ್ಟಾತ್ರಿ?"

"ಶಿವಲೀಲಾ..."

"ಖರೇ ರೇಟ್ ಹೇಳ್ರಿ ಅಕ್ಕಾ."

ಬೇಡ ಎನ್ನಲು ಬಾಯಿ ತೆರೆದೆ. ಬೇಡ ಎಂದರೆ ಅದೂ ಇನ್ನೊಂದು ಸುಳ್ಳಾಗುತ್ತಿತ್ತು.

"ಪೂರ್ತಿಗೆ ನಾನೂರು" ಎಂದೆ. "ಅರ್ಧಕ್ಕೆ ಇನ್ನೂರು."

ಅವಳು ಮೊಬೈಲು ತೆಗೆದು ಗೋಡೆಯ ಮೇಲಿನ ಕ್ಯೂಆರ್ ಚೌಕಕ್ಕೆ ಹಿಡಿದಳು. ಬಾಗಿಲು ದಾಟಿ, ತಾನೇ ಬರೆದ ಬೋರ್ಡಿನ ಕೆಳಗೆ ನಿಂತು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ, ಬಂದ ದುಡ್ಡನ್ನು ಕೂಗಿ ಹೇಳುವ ನನ್ನ ಮೇಜಿನ ಪುಟ್ಟ ಡಬ್ಬಿ ಬಾಯಿಬಿಟ್ಟಿತು: "ಇನ್ನೂರು ರೂಪಾಯಿ ಬಂದಿದೆ." ಅವಳು ಅದು ಮುಗಿಯುವವರೆಗೆ ನಿಂತು ಕೇಳಿಸಿಕೊಂಡು, ತಲೆಯಾಡಿಸಿ, ಮೆಟ್ಟಿಲು ಹತ್ತಿ ಹೋದಳು.